ಕಲಬುರಗಿಯಿಂದ ದಾದರ್‌ಗೆ ಸೊನ್ನೆ ರೂಪಾಯಿ, ದಾದರ್‌ನಿಂದ ಪರೇಲ್‌ಗೆ?

ಆಪರೇಷನ್ ಆದ ಮೇಲೆ ನಮ್ಮ ಕಾಕಾ ಎರಡನೇ ಸಲ ಕಲಬುರಗಿಯಿಂದ ಮುಂಬೈಗೆ ಬಂದರು. ದಾದರ್‌ನಲ್ಲಿ ಇಳಿದವರೇ ಅಂಗಿ ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದರು. ದವಡೆಯ ಕ್ಯಾನ್ಸರಿಗೆ ಆಪರೇಷನ್ ಆಗಿದ್ದರಿಂದ ಮಾತು ಸ್ವಲ್ಪ ತೊದಲುತ್ತಿತ್ತು. ಆದರೂ ಖುಷಿ ಮುಚ್ಚಿಡಲು ಆಗಲಿಲ್ಲ. "ನಿಮ್ಮ ಕಾಕೂನ ಟಿಕೆಟ್ಟಿಗಷ್ಟೇ ರೊಕ್ಕ ತಗೊಂಡ್ರು. ಅದೂ ಕಾಲುಭಾಗ. ನಂದು ಪುಕ್ಕಟೆ ನೋಡಪಾ!"

ನಿಜ. ಚಿಕಿತ್ಸೆಗೋ ಚೆಕಪ್ಪಿಗೋ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಿ ರೈಲ್ವೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಜೊತೆಗೆ ಬರುವ ಒಬ್ಬರಿಗೆ ಅಲ್ಲಿ ಶೇ. 75 ರಿಯಾಯಿತಿ. ಸೆಕೆಂಡ್ ಕ್ಲಾಸ್, ಎಸಿ ಚೇರ್ ಕಾರ್‌ಗಳಲ್ಲಿ ಇಬ್ಬರಿಗೂ ಶೇ. 75. ಟೂ ಟೈರ್ ಮತ್ತು ಫಸ್ಟ್ ಎಸಿಯಲ್ಲಿ ಅರ್ಧ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ನಿಲ್ಲಿಸಿದರಲ್ಲ, ಆಗಲೂ ರೋಗಿಗಳದ್ದನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಡಾಕ್ಟರು ಫಾರಂ ತುಂಬಿ, ಸಹಿ ಮಾಡಿ, ಸೀಲು ಹಾಕಿ ಕೊಡಬೇಕು. ಅದನ್ನು ಹಿಡಿದು ರಿಸರ್ವೇಶನ್ ಕೌಂಟರಿನ ಸಾಲಿನಲ್ಲಿ ನಿಲ್ಲಬೇಕು. ಅಷ್ಟು ಮಾಡಿದರೆ ಸುಮಾರು 570 ಕಿಲೋಮೀಟರ್ ಪುಕ್ಕಟೆ.

ಆಮೇಲೆ ನಾವು ದಾದರ್ ಪೂರ್ವಕ್ಕೆ ಬಂದು ಟ್ಯಾಕ್ಸಿ ಹುಡುಕಿದೆವು. ಆಸ್ಪತ್ರೆ ಇರುವುದು ಪರೇಲ್‌ನಲ್ಲಿ. ಪರೇಲ್ ಅಂದ ಕೂಡಲೇ ನಾಲ್ಕು ಟ್ಯಾಕ್ಸಿಯವರು ಬರಲ್ಲ ಅಂತ ತಲೆ ಆಡಿಸಿಬಿಟ್ಟರು. ಇರೋದು ಎರಡೂವರೆ ಕಿಲೋಮೀಟರ್, ಅಷ್ಟು ಹತ್ತಿರಕ್ಕೆ ಯಾರು ಬರುತ್ತಾರೆ? ಐದನೆಯವನು ಮೀಟರ್ ಹಾಕುವುದಿಲ್ಲ, ನೂರೈವತ್ತು ಕೊಡಿ ಅಂದ. ಕಾಕೂ ಬಾಯಿ ತೆರೆದು ನಿಂತರು. ಕಾಕಾ ಮಾತ್ರ ಆ ಸೊನ್ನೆ ರೂಪಾಯಿ ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಕ್ಯಾನ್ಸರ್ ರೋಗಿಯ ಓಡಾಟ ಅಂದ ಕೂಡಲೇ ನಮ್ಮ ಸರ್ಕಾರ, ಸಂಘ, ಮನೆಮಂದಿ ಎಲ್ಲರ ತಲೆಗೂ ಬರುವುದು ಊರಿಂದ ಊರಿಗಿನ ಪ್ರಯಾಣ. ಅದಕ್ಕೆ ವ್ಯವಸ್ಥೆ ಇದೆ. ಆದರೆ ರೋಗಿ ಸುಸ್ತಾಗುವುದು ಅಲ್ಲಲ್ಲ. ಈ ಊರೊಳಗೆ, ದಿನಾ, ಮನೆಯಿಂದ ಮಷಿನ್ ಇರುವ ಕೋಣೆಯ ತನಕ ಹೋಗಿ ಬರುವುದರಲ್ಲಿ. ಅದರ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ನಾನೇ ಲೆಕ್ಕ ಹಾಕಿದೆ. ಕಾಕಾನಿಗೆ ಹೇಳಿದ್ದು 30 ಸಲದ ರೇಡಿಯೇಶನ್. ನಮ್ಮ ಕಡೆ 'ಕರೆಂಟ್ ಇಡೋದು' ಅಂತಾರಲ್ಲ, ಅದೇ. ಸೋಮವಾರದಿಂದ ಶುಕ್ರವಾರ, ವಾರಕ್ಕೆ ಐದು, ಒಟ್ಟು ಆರು ವಾರ. ನಮ್ಮ ಮನೆ ಡೊಂಬಿವಲಿ. ಅಲ್ಲಿಂದ ಪರೇಲ್‌ಗೆ ಸುಮಾರು 40 ಕಿಲೋಮೀಟರ್. ಹೋಗೋದು ಮೂವತ್ತು, ಬರೋದು ಮೂವತ್ತು. ಒಟ್ಟು 2,400 ಕಿಲೋಮೀಟರ್! ಕಲಬುರಗಿಯಿಂದ ಮುಂಬೈಗೆ ನಾಲ್ಕು ಸಲ ಬಂದಷ್ಟು. ಅದೂ ಮಲಗಿಕೊಂಡಲ್ಲ, ಲೋಕಲ್‌ನಲ್ಲಿ. ಮಷಿನ್ ಕೆಳಗೆ ಮಲಗುವುದು ಹತ್ತೋ ಹದಿನೈದೋ ನಿಮಿಷ. ಅದಕ್ಕಾಗಿ ದಿನಕ್ಕೆ ಮೂರೂವರೆ ತಾಸು ದಾರಿಯಲ್ಲಿ. ಮೂರನೇ ವಾರ ಕಾಕಾ ಹೇಳಿದ್ದು: "ಹೋಗೂದು ಬರೂದೇ ಒಂದ್ ನೌಕರಿ ಆಗ್ಯಾದ. ಪಗಾರ ಇಲ್ಲ ಅಷ್ಟೇ."

ಟಿಕೆಟ್ ದುಬಾರಿ ಅಲ್ಲ. ಮುಂಬೈ ಲೋಕಲ್‌ನ ಸೆಕೆಂಡ್ ಕ್ಲಾಸಿನಲ್ಲಿ ಅಷ್ಟು ದೂರಕ್ಕೆ ಇಪ್ಪತ್ತು ರೂಪಾಯಿಯೂ ಆಗುವುದಿಲ್ಲ. ಇಷ್ಟು ಅಗ್ಗದ ರೈಲು ಬೇರೆಲ್ಲಿದೆ ಹೇಳಿ. ಇಲ್ಲಿ ಕೈಕೊಡುವುದು ದುಡ್ಡಲ್ಲ, ಮೈ.

ಒಂದು ದಿನ ಹೋಗದಿದ್ದರೆ ಏನಾಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಮಳೆ ಇದೆ, ಟ್ರೇನ್ ನಿಂತಿದೆ, ಮೈಯಲ್ಲಿ ಆಗ್ತಿಲ್ಲ, ನಾಳೆ ಹೋದರಾಯ್ತು ಅಂತ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಆ 'ನಾಳೆ' ಸಣ್ಣ ಮಾತಲ್ಲ. ರೇಡಿಯೇಶನ್ ಶುರುವಾದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಜೋರಾಗಿ ಬೆಳೆಯಲು ನೋಡುತ್ತವೆ. ಚಿಕಿತ್ಸೆ ಒಂದು ದಿನ ಉದ್ದವಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇ. 1ರಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇಳಿಯುತ್ತದೆ ಅನ್ನುವುದು ರೇಡಿಯೇಶನ್ ಡಾಕ್ಟರುಗಳು ಒಪ್ಪಿರುವ ಅಂದಾಜು. ಐದು ದಿನ ತಪ್ಪಿದರೆ ಎಷ್ಟಾಯ್ತು ನೀವೇ ನೋಡಿ. ಔಷಧಿ ಕೊಟ್ಟರು, ಮಷಿನ್ ಕೊಟ್ಟರು, ಡಾಕ್ಟರೂ ಸಿಕ್ಕರು. ಲೋಕಲ್ ಹತ್ತಲಾಗದೆ ಚಿಕಿತ್ಸೆ ಅರ್ಧ ಸೋತರೆ ಅದನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? 'ರೋಗಿ ಬರಲಿಲ್ಲ' ಅಂತ ಬರೆಯುತ್ತಾರೆ.

ಇನ್ನು ಪರೇಲ್. ಈ ಜಾಗದ ಕಥೆ ಗೊತ್ತಿಲ್ಲದೆ ಈ ಕಷ್ಟ ಅರ್ಥವಾಗುವುದಿಲ್ಲ. ಕೆಇಎಂ ಆಸ್ಪತ್ರೆ ಇಲ್ಲಿ ಶುರುವಾದದ್ದು 1926ರಲ್ಲಿ. ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿ 28ರಂದು. ಟಾಟಾ ಟ್ರಸ್ಟ್ ಕಟ್ಟಿದ ಈ ಆಸ್ಪತ್ರೆ 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ. ಪಕ್ಕದಲ್ಲೇ ವಾಡಿಯಾ ಆಸ್ಪತ್ರೆಗಳು. ಆಗ ಸುತ್ತಮುತ್ತ ಇದ್ದದ್ದು ಬಟ್ಟೆ ಗಿರಣಿಗಳು, ಗಿರಣಿ ಕೆಲಸಗಾರರ ಚಾಳುಗಳು. ಜನ ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಕಾಯಿಲೆ ಬಿದ್ದರೆ ನಡೆದುಕೊಂಡೇ ಆಸ್ಪತ್ರೆಗೂ ಬರುತ್ತಿದ್ದರು. ನಮ್ಮ ಕನ್ನಡದವರೂ ಆಗ ಫೋರ್ಟ್, ಮಾಟುಂಗಾ, ವಡಾಲಾ ಕಡೆಯೇ ಜಾಸ್ತಿ. ಹೋಟೆಲಿನ ಮಾಳಿಗೆಯಲ್ಲೋ ಚಾಳಿನ ಖೋಲಿಯಲ್ಲೋ ಇದ್ದವರು.

ಗಿರಣಿ ಮುಚ್ಚಿದವು. ಆ ಜಾಗದಲ್ಲಿ ಗಾಜಿನ ಆಫೀಸುಗಳು ಎದ್ದವು. ಜನ ಬಾಡಿಗೆ ಹುಡುಕಿಕೊಂಡು ಡೊಂಬಿವಲಿ, ಕಲ್ಯಾಣ್, ಮೀರಾ ರೋಡ್, ನಾಲಾಸೋಪಾರಾ, ಪನ್ವೇಲ್ ಕಡೆ ಹೋದರು. ಆಸ್ಪತ್ರೆ ಇದ್ದಲ್ಲೇ ಉಳಿಯಿತು. ಈಗ ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಪರೇಲ್, ಪ್ರಭಾದೇವಿ ನಿಲ್ದಾಣದಲ್ಲಿ ಇಳಿಯುವವರು ಎರಡು ಥರ. ಆಫೀಸಿಗೆ ಓಡುವವರು, ಒಪಿಡಿಗೆ ನಿಧಾನವಾಗಿ ಹೋಗುವವರು. ಇಬ್ಬರಿಗೂ ಅದೇ ಮೆಟ್ಟಿಲು.

ಅದೇ ಮೆಟ್ಟಿಲ ಮೇಲೆ 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ಮಳೆ ಬರುವಾಗ, ನೂಕುನುಗ್ಗಲಾಗಿ 23 ಜನ ಸತ್ತರು. ಆಗ ಪ್ರಭಾದೇವಿ ನಿಲ್ದಾಣಕ್ಕೆ ಎಲ್ಫಿನ್‌ಸ್ಟನ್ ರೋಡ್ ಅಂತ ಹೆಸರಿತ್ತು. 2018ರಲ್ಲಿ ಪ್ರಭಾದೇವಿ ಆಯಿತು. ಮಿಲಿಟರಿಯವರು ಬಂದು ಹೊಸ ಮೇಲ್ಸೇತುವೆ ಕಟ್ಟಿಕೊಟ್ಟರು. 2019ರ ಮಾರ್ಚ್‌ನಲ್ಲಿ ಪರೇಲ್ ಟರ್ಮಿನಸ್ ಶುರುವಾಗಿ, ಕಲ್ಯಾಣ್ ಕಡೆಗೆ ಕೆಲವು ಲೋಕಲ್‌ಗಳು ಇಲ್ಲಿಂದಲೇ ಹೊರಡತೊಡಗಿದವು. ಇದು ದೊಡ್ಡ ಉಪಕಾರ, ಅದನ್ನು ಹೇಳಲೇಬೇಕು. ರೇಡಿಯೇಶನ್ ಮುಗಿಸಿ ಬಂದವರಿಗೆ ಖಾಲಿ ಡಬ್ಬಿ, ಕಿಟಕಿ ಪಕ್ಕದ ಸೀಟು. ಕಾಕಾ ಇಪ್ಪತ್ತು ನಿಮಿಷ ಕಾದರೂ ಪರವಾಗಿಲ್ಲ, ಪರೇಲ್‌ನಿಂದ ಹೊರಡುವ ಗಾಡಿಯೇ ಬೇಕು ಅನ್ನುತ್ತಿದ್ದರು.

ಮಧ್ಯ ರೈಲ್ವೆಯಲ್ಲಿ ಬರುವವರು ಪೂರ್ವಕ್ಕೆ ಇಳಿದರೆ ಆಸ್ಪತ್ರೆ ಕಡೆಯೇ ಇಳಿದಂತೆ. ಪಶ್ಚಿಮ ರೈಲ್ವೆಯಲ್ಲಿ ಬೋರಿವಲಿ, ವಿರಾರ್ ಕಡೆಯಿಂದ ಬರುವವರು ಹಳಿ ದಾಟಲೇಬೇಕು. ಅವರಿಗೆ 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೂರು ವರ್ಷ ದಾಟಿದ ಎಲ್ಫಿನ್‌ಸ್ಟನ್ ರಸ್ತೆ ಸೇತುವೆಯನ್ನು ಕೆಡವಲು ಮುಚ್ಚಿದರು. ನವಿ ಮುಂಬೈ ಕಡೆಯ ಸಮುದ್ರ ಸೇತುವೆ ಅಟಲ್ ಸೇತುವಿನಿಂದ ವರ್ಲಿ ಕಡೆಗೆ ಹೋಗುವ ಶಿವಡಿ-ವರ್ಲಿ ಎತ್ತರದ ರಸ್ತೆಗೆ ಜಾಗ ಬೇಕಿತ್ತು. ಹಳೆ ಸೇತುವೆ, ಎಂದಾದರೂ ಬೀಳಿಸಲೇಬೇಕಿತ್ತು, ಒಪ್ಪೋಣ. ಆದರೆ ಪಶ್ಚಿಮದಿಂದ ಟ್ಯಾಕ್ಸಿಯಲ್ಲೋ ಆಂಬುಲೆನ್ಸಿನಲ್ಲೋ ಬರುವವರು ಈಗ ದಾದರ್‌ನ ತಿಲಕ್ ಸೇತುವೆಯನ್ನೋ ಕರ್ರಿ ರೋಡ್ ಸೇತುವೆಯನ್ನೋ ಸುತ್ತಿಕೊಂಡು ಬರಬೇಕು. ಐದು ನಿಮಿಷದ ದಾರಿ ಟ್ರಾಫಿಕ್ ಇದ್ದರೆ ಅರ್ಧ ತಾಸು. ಸೇತುವೆ ಮುಚ್ಚುವ ಮೊದಲು ಅಲ್ಲಿನ ಜನ ಬೀದಿಗಿಳಿದು ಜಗಳ ಮಾಡಿದ್ದು ಮನೆ ಹೋಗುತ್ತದೆ ಅಂತ ಮಾತ್ರ ಅಲ್ಲ, ಆಸ್ಪತ್ರೆಗೆ ದಾರಿ ಹೋಗುತ್ತದೆ ಅಂತಲೂ.

ಟ್ಯಾಕ್ಸಿ ಯಾಕೆ, ರಿಕ್ಷಾ ಹಿಡಿಯಬಾರದೇ ಅಂತ ಊರಿಂದ ಬಂದವರು ಕೇಳುತ್ತಾರೆ. ಮುಂಬೈಯ ಹಳೇ ಭಾಗದಲ್ಲಿ ರಿಕ್ಷಾ ಇಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್. ಅಲ್ಲಿಗೆ ಮುಗಿಯಿತು. ಅದರಿಂದ ದಕ್ಷಿಣಕ್ಕೆ ಟ್ಯಾಕ್ಸಿ ಇಲ್ಲವೇ ಬಸ್ಸು. 2025ರ ಫೆಬ್ರವರಿಯಿಂದ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ. ಆದರೆ ಆ 31 ರೂಪಾಯಿಗೆ ಬರುವ ಟ್ಯಾಕ್ಸಿಯವನು ಸಿಕ್ಕರೆ ನಿಮ್ಮ ಪುಣ್ಯ. ಬರುವುದಿಲ್ಲ ಅನ್ನುವುದು ಕಾನೂನಿನ ಪ್ರಕಾರ ತಪ್ಪು. ಮೂಗಿಗೆ ನಳಿಗೆ ಹಾಕಿಕೊಂಡ ಮನುಷ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಾನೂನು ಮಾತಾಡುವವರು ಯಾರು?

ಉಳಿದದ್ದು ಬೆಸ್ಟ್, ಅಂದರೆ ಮುಂಬೈಯ ಸಿಟಿ ಬಸ್ಸು. ತಗ್ಗು ನೆಲದ ಎಸಿ ಬಸ್ಸುಗಳು ಬಂದಿವೆ, ಹತ್ತುವುದು ಸುಲಭ. ನನ್ನನ್ನು ಕೇಳಿದರೆ ಕ್ಯಾನ್ಸರ್ ರೋಗಿಗೆ ಈ ಊರಿನಲ್ಲಿ ಎಲ್ಲಕ್ಕಿಂತ ಒಳ್ಳೆ ವಾಹನ ಅದೇ. ಮೆಟ್ಟಿಲಿಲ್ಲ, ಪ್ಲಾಟ್‌ಫಾರಂ ಸಂದಿಲ್ಲ, ಆಸ್ಪತ್ರೆ ಹತ್ತಿರವೇ ಇಳಿಸುತ್ತದೆ. ಆದರೆ ಬೆಸ್ಟ್‌ನಲ್ಲಿ ಒಂದು ಕಾಲಕ್ಕೆ ನಾಲ್ಕು ಸಾವಿರಕ್ಕೂ ಜಾಸ್ತಿ ಬಸ್ಸು ಇದ್ದವು. ಈಗ ಮೂರು ಸಾವಿರಕ್ಕಿಂತ ಕಡಿಮೆ. 2025ರ ಮೇ ತಿಂಗಳಲ್ಲಿ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ, ಎಸಿಯಲ್ಲಿ 6ರಿಂದ 12ಕ್ಕೆ ಏರಿತು. ಹತ್ತು ರೂಪಾಯಿ ಯಾರಿಗೂ ಭಾರ ಅಲ್ಲ ಬಿಡಿ. ಬಸ್ ಸ್ಟಾಪಿನಲ್ಲಿ ಅರ್ಧ ತಾಸು ನಿಲ್ಲುವುದು ಭಾರ.

ಹೊಸ ಮೆಟ್ರೋ ಬಂತಲ್ಲ ಅನ್ನಬಹುದು. ಆರೇಯಿಂದ ಕಫ್ ಪರೇಡ್‌ವರೆಗಿನ ಮೆಟ್ರೋ 3 ಅಕ್ಟೋಬರ್ 2025ರಲ್ಲಿ ಪೂರ್ತಿಯಾಯಿತು. 33.5 ಕಿಲೋಮೀಟರ್, 27 ನಿಲ್ದಾಣ. ಚೆಂದ ಇದೆ, ಲಿಫ್ಟ್ ಇದೆ, ನೂಕಾಟ ಕಮ್ಮಿ. ಆದರೆ ದಾದರ್, ಸಿದ್ಧಿವಿನಾಯಕ, ವರ್ಲಿ ನಿಲ್ದಾಣಗಳೆಲ್ಲ ಹಳಿಯ ಪಶ್ಚಿಮಕ್ಕಿವೆ. ಪರೇಲ್‌ನ ಆಸ್ಪತ್ರೆಗಳು ಪೂರ್ವಕ್ಕೆ. ವಿಮಾನ ನಿಲ್ದಾಣ, ಆಫೀಸುಗಳ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ (ಬಿಕೆಸಿ), ನಾರಿಮನ್ ಪಾಯಿಂಟ್ ಎಲ್ಲವನ್ನೂ ಮುಟ್ಟುವ ಈ ಗಾಡಿಯಿಂದ ಇಳಿದರೂ ಕೊನೆಗೆ ಅದೇ ಸೇತುವೆ, ಅದೇ ಮೆಟ್ಟಿಲು. ಪೂರ್ವದ ಕಡೆ ಹೋಗುತ್ತಿದ್ದದ್ದು ಮೋನೋರೈಲು. ಚೆಂಬೂರಿನಿಂದ ವಡಾಲಾ, ದಾದರ್ ಪೂರ್ವ, ಲೋವರ್ ಪರೇಲ್ ದಾಟಿ ಮಹಾಲಕ್ಷ್ಮಿ ಹತ್ತಿರದ ಸಾತ್ ರಸ್ತಾವರೆಗೆ. 2025ರ ಆಗಸ್ಟ್ 19ರ ಮಳೆಯಲ್ಲಿ ಜನ ಜಾಸ್ತಿಯಾಗಿ ಅದು ಚೆಂಬೂರಿನ ಮೈಸೂರು ಕಾಲೊನಿ ಹತ್ತಿರ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಅಗ್ನಿಶಾಮಕ ದಳದವರು ಏಣಿ ಹಾಕಿ ಜನರನ್ನು ಇಳಿಸಿದರು. ನಮ್ಮ ನಾಡಿನ ಊರಿನ ಹೆಸರಿರುವ ನಿಲ್ದಾಣ ಟಿವಿಯಲ್ಲಿ ಬಂದದ್ದು ಹಾಗೆ. ಮರುತಿಂಗಳೇ ದುರಸ್ತಿಗೆಂದು ಸೇವೆ ನಿಲ್ಲಿಸಿದರು.

ಈ ಊರಿನಲ್ಲಿ ದಾರಿ ಹಾಕುವವರು ಆಫೀಸಿಗೆ ಹೋಗುವವನನ್ನು ಮನಸ್ಸಿನಲ್ಲಿಟ್ಟುಕೊಂಡೇ ನಕ್ಷೆ ಬರೆಯುತ್ತಾರೆ ಅನ್ನುವುದು ನನ್ನ ಅನಿಸಿಕೆ. ಆಸ್ಪತ್ರೆಗೆ ಹೋಗುವವನು ಒಂದು ದಿನದ ಅತಿಥಿ ಅಂದುಕೊಂಡಿದ್ದಾರೆ. ಅವನು ಆರು ವಾರ ದಿನಾ ಬರುವ ಪಾಸ್‌ಹೋಲ್ಡರ್ ಅನ್ನುವುದು ಅವರಿಗೆ ಹೊಳೆದಿಲ್ಲ.

ಲೋಕಲ್‌ನಲ್ಲಿ ಮಾತ್ರ ಯಾರಿಗೋ ಹೊಳೆದಿತ್ತು. ಮುಂಬೈ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿ ಇದೆಯಲ್ಲ, ಅದರಲ್ಲಿ ಕ್ಯಾನ್ಸರ್ ರೋಗಿಗಳಿಗೂ ಹಕ್ಕಿದೆ. ಗರ್ಭಿಣಿಯರೂ ಹತ್ತಬಹುದು. ಈ ವಿಷಯ ನಮ್ಮ ಜನರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಪ್ಲಾಟ್‌ಫಾರಂನಲ್ಲಿ ಆ ಡಬ್ಬಿ ನಿಲ್ಲುವ ಕಡೆ ಗಾಲಿಕುರ್ಚಿಯ ಚಿತ್ರ ಇರುತ್ತದೆ. ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ 'ಬೀಪ್ ಬೀಪ್' ಸದ್ದೂ ಬರುತ್ತಿರುತ್ತದೆ. ಆ ಸದ್ದಿನ ಕೆಳಗೆ ಹೋಗಿ ನಿಂತರೆ ಸಾಕು. ಕೈಯಲ್ಲಿ ಆಸ್ಪತ್ರೆಯ ಕೇಸ್ ಪೇಪರ್ ಇರಲಿ, ಟಿಕೆಟ್ ಅಂತೂ ಇರಲೇಬೇಕು.

ಹತ್ತಿದ ಮೇಲೆ ಇನ್ನೊಂದು ಕಥೆ. ಬೆಳಗ್ಗೆ ಎಂಟೂವರೆಗೆ ಆ ಸಣ್ಣ ಡಬ್ಬಿಯಲ್ಲಿ ಗಟ್ಟಿಮುಟ್ಟಾದವರೇ ಅರ್ಧ. ರೈಲ್ವೆ ಕಾಯ್ದೆಯ 155ನೇ ಕಲಮಿನಲ್ಲಿ ಇಂಥವರಿಗೆ 500 ರೂಪಾಯಿವರೆಗೆ ದಂಡ ಇದೆ. ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ಆಗಾಗ ಹಿಡಿಯುತ್ತದೆ ಕೂಡ. ಮಾರನೇ ದಿನ ಮತ್ತೆ ಅದೇ. ಇದಕ್ಕಿಂತ ಕಷ್ಟ ಇನ್ನೊಂದಿದೆ. ಕ್ಯಾನ್ಸರ್ ಹೊರಗೆ ಕಾಣುವುದಿಲ್ಲ. ಒಂದು ದಿನ ನಮ್ಮ ಡಬ್ಬಿಗೆ ಮೂವತ್ತರ ಆಸುಪಾಸಿನ ಹೆಂಗಸು ಹತ್ತಿದರು. ತಲೆಗೆ ಸ್ಕಾರ್ಫು, ನೀಟಾದ ಕುರ್ತಾ. ಊರುಗೋಲು ಹಿಡಿದ ಹಿರಿಯರೊಬ್ಬರು ಹಿಂದಿಯಲ್ಲಿ ಗದರಿದರು, ಇದು ನಿಮ್ಮ ಡಬ್ಬಿ ಅಲ್ಲ, ಲೇಡೀಸ್‌ಗೆ ಹೋಗಿ ಅಂತ. ಆಕೆ ಮಾತಾಡಲಿಲ್ಲ. ಬ್ಯಾಗಿನಿಂದ ಫೈಲು ತೆಗೆದು, ಆಸ್ಪತ್ರೆ ಹೆಸರು ಹೊರಗೆ ಕಾಣುವ ಹಾಗೆ ಎದೆಗೆ ಅವಚಿ ಹಿಡಿದು ನಿಂತರು. ಹಿರಿಯರು ಎದ್ದು ಸೀಟು ಬಿಟ್ಟುಕೊಟ್ಟರು. ಇಬ್ಬರ ತಪ್ಪೂ ಇಲ್ಲ ಅದರಲ್ಲಿ. ಆಮೇಲೆ ಗಮನಿಸಿದೆ, ಆ ಡಬ್ಬಿಯಲ್ಲಿ ತುಂಬಾ ಜನ ಫೈಲನ್ನು ಹಾಗೇ ಹಿಡಿಯುತ್ತಾರೆ. ತನಗೆ ಕ್ಯಾನ್ಸರ್ ಅಂತ ದಿನಾ ಇಪ್ಪತ್ತು ಅಪರಿಚಿತರಿಗೆ ತೋರಿಸಿದರೆ ಮಾತ್ರ ಕೂರಲು ಜಾಗ. ಊರಿನಲ್ಲಿ ನೆಂಟರಿಗೇ ಹೇಳದೆ ಬಂದವರಿಗೆ ಇದು ಎಂಥ ಸಂಕಟ, ಅಲ್ವಾ?

ಕಾಕಾ ಮೊದಲ ಎರಡು ವಾರ ಜನರಲ್ ಡಬ್ಬಿಯಲ್ಲೇ ಹೋದರು. "ನಾ ಏನ್ ಕುಂಟ ಏನು?" ಅಂತ ಹಟ. ಮೂರನೇ ವಾರ ಕತ್ತಿನ ಚರ್ಮ ಕಪ್ಪಾಗಿ, ಬಿಸಿಲಿಗೆ ಸುಟ್ಟ ಹಾಗೆ ಆಯಿತು. ಬಾಯೆಲ್ಲ ಹುಣ್ಣು. ಒಂದು ದಿನ ಯಾರದೋ ಬೆನ್ನಚೀಲದ ಜಿಪ್ಪು ಆ ಚರ್ಮಕ್ಕೆ ಉಜ್ಜಿತು. ಅವತ್ತಿನಿಂದ ಸುಮ್ನೆ ಬೀಪ್ ಸದ್ದಿನ ಕೆಳಗೆ ಬಂದು ನಿಲ್ಲತೊಡಗಿದರು.

ಯಾವ ಚಿಕಿತ್ಸೆ, ಯಾವ ಗಾಡಿ ಅನ್ನುವುದಕ್ಕೆ ಒಂದಕ್ಕೊಂದು ಸಂಬಂಧ ಇದೆ. ಇದನ್ನು ಆಸ್ಪತ್ರೆಯಲ್ಲಿ ಯಾರಾದರೂ ಕೂರಿಸಿಕೊಂಡು ಹೇಳಿದರೆ ಎಷ್ಟು ಒಳ್ಳೆಯದಿತ್ತು. ಗರ್ಭಕೋಶದ ಬಾಯಿ, ಪ್ರಾಸ್ಟೇಟ್ ಇಂಥ ಕಡೆ ರೇಡಿಯೇಶನ್ ಇರುವವರಿಗೆ ಸಾಮಾನ್ಯವಾಗಿ ಮೂತ್ರಕೋಶ ತುಂಬಿರಬೇಕು ಅನ್ನುತ್ತಾರೆ. ತುಂಬಿದ್ದರೆ ಕರುಳು ಆಚೆ ಸರಿದು ಕಿರಣದ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ. ಈಗ ಯೋಚಿಸಿ, ಮನೆಯಲ್ಲೇ ನೀರು ಕುಡಿದು ಹೊರಟು ಲೋಕಲ್ ಕುರ್ಲಾ ಹತ್ತಿರ ನಿಂತರೆ? ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಆಸ್ಪತ್ರೆ ತಲುಪಿದ ಮೇಲೆಯೇ ನೀರು ಕುಡಿಯಿರಿ, ತಡವಾದರೆ ಅಲ್ಲಿನ ಟೆಕ್ನಿಶಿಯನ್‌ಗೆ ಹೇಳಿ. ಇಂಥವರಿಗೆ ಕೆಲವು ವಾರ ಕಳೆದರೆ ಭೇದಿಯೂ ಶುರುವಾಗುತ್ತದೆ. ಆಗ ಪ್ರತಿ ನಿಲ್ದಾಣದಲ್ಲೂ ಶೌಚಾಲಯ ಎಲ್ಲಿದೆ ಅನ್ನುವುದೇ ಅವರ ಭೂಗೋಳ.

ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಇದೆ. ಅದನ್ನು ಹಾಕಿಸಿಕೊಂಡ ಮೇಲೆ ಕೆಲವು ದಿನ ತಣ್ಣಗಿನದನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ತಣ್ಣನೆ ಗಾಳಿಗೆ ಗಂಟಲು ಬಿಗಿಯುತ್ತದೆ. ನಮ್ಮವರ ಮೇಲಿನ ಪ್ರೀತಿಗೆ ದುಡ್ಡು ಜಾಸ್ತಿ ಕೊಟ್ಟು ಎಸಿ ಲೋಕಲ್ ಹತ್ತಿಸುತ್ತೇವೆ. ಅಲ್ಲಿ ತಣ್ಣಗಿನ ಸ್ಟೀಲ್ ಕಂಬಿ ಹಿಡಿದರೆ ಅವರಿಗೆ ಕರೆಂಟ್ ಹೊಡೆದ ಹಾಗೆ. ಕೈಗವಸು, ಮಫ್ಲರ್ ಇರಲಿ. ಮುಂಬೈಯಲ್ಲಿ ಕೈಗವಸು ಅಂದರೆ ಜನ ನೋಡಿ ನಗಬಹುದು. ನಗಲಿ. ಪ್ಯಾಕ್ಲಿಟ್ಯಾಕ್ಸೆಲ್ ಥರದ ಔಷಧಿಯಲ್ಲಿ ಅಂಗಾಲು ಮರಗಟ್ಟುತ್ತದೆ. ಅಂಥವರಿಗೆ ಮೇಲ್ಸೇತುವೆಯ ಇಳಿಜಾರಿನ ಮೆಟ್ಟಿಲು ನಿಜಕ್ಕೂ ಅಪಾಯ. ಎಲ್ಲಿ ಕಾಲಿಟ್ಟೆ ಅನ್ನುವುದೇ ಗೊತ್ತಾಗುವುದಿಲ್ಲ. ಲಿಫ್ಟ್ ಇರುವ ತುದಿಗೆ ಬರುವ ಡಬ್ಬಿ ಯಾವುದು ಅಂತ ನೋಡಿಕೊಳ್ಳಿ.

ಇನ್ನು ಜನಜಂಗುಳಿ. ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರ ಇಳಿದಿರುತ್ತದೆ. ಆ ದಿನಗಳಲ್ಲೇ ಎಷ್ಟೋ ಸಲ ರಕ್ತ ಪರೀಕ್ಷೆಗೆ ಕರೆಯುತ್ತಾರೆ. ಅದನ್ನು ಮನೆ ಹತ್ತಿರದ ಲ್ಯಾಬಿನಲ್ಲಿ ಮಾಡಿಸಿ ರಿಪೋರ್ಟು ತೋರಿಸಬಹುದೇ ಅಂತ ಕೇಳಿ. ಕೇಳಿದರೆ ಎಷ್ಟೋ ಡಾಕ್ಟರು ಹೂಂ ಅನ್ನುತ್ತಾರೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಹೋಗಲೇಬೇಕಾದರೆ ಮಾಸ್ಕ್ ಹಾಕಿ, ಹನ್ನೊಂದರ ಮೇಲೆ ಹೊರಡಿ. ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಮಾತ್ರ ಲೋಕಲ್, ಬಸ್ಸು ಅಂತ ಯೋಚಿಸಬೇಡಿ. ಸಾಲ ಮಾಡಿಯಾದರೂ ಕ್ಯಾಬ್ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಕಲಬುರಗಿ, ಸೊಲ್ಲಾಪುರ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿಯಬಹುದು. ಮಂಗಳೂರು, ಉಡುಪಿಯಿಂದ ಮತ್ಸ್ಯಗಂಧದಲ್ಲಿ ಬರುವವರು ಇಳಿಯುವುದು ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿ ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ, ಹೆದರಬೇಡಿ. ಹತ್ತಿರದಲ್ಲೇ ಹಾರ್ಬರ್ ಲೈನಿನ ತಿಲಕ್ ನಗರ ನಿಲ್ದಾಣ ಇದೆ. ಅಲ್ಲಿಂದ ಸಿಎಸ್‌ಎಂಟಿ (ಹಳೇ ವಿ.ಟಿ.) ಕಡೆ ಹೋಗುವ ಲೋಕಲ್ ಹತ್ತಿದರೆ ಗಾಡಿ ಬದಲಿಸದೆ ಶಿವಡಿ. ಶಿವಡಿಯಿಂದ ಟಾಟಾ ಆಸ್ಪತ್ರೆ ಹತ್ತಿರ. ಪರೇಲ್‌ನ ನೂಕುನುಗ್ಗಲೂ ಇಲ್ಲ. ಟಾಟಾದವರದ್ದೇ ಇನ್ನೊಂದು ಕೇಂದ್ರ, ಆಕ್ಟ್ರೆಕ್, ನವಿ ಮುಂಬೈಯ ಖಾರ್ಘರ್‌ನಲ್ಲಿದೆ. ಇವತ್ತು ಪರೇಲ್, ನಾಳಿದ್ದು ಖಾರ್ಘರ್ ಅಂತ ಓಡಾಡಬೇಕಾದವರಿಗೂ ಶಿವಡಿಯೇ ಒಳ್ಳೆಯದು. ಪನ್ವೇಲ್ ಲೋಕಲ್ ಹತ್ತಿದರೆ ನೇರ ಖಾರ್ಘರ್. ಅಲ್ಲಿ ರಿಕ್ಷಾವೂ ಸಿಗುತ್ತದೆ.

ಡೊಂಬಿವಲಿಯಿಂದ ಬೆಳಗ್ಗೆ ಹೊರಡುವವರಿಗೆ ಹಳೇ ಉಪಾಯ ಗೊತ್ತೇ ಇದೆ, ಉಲ್ಟಾ ಕಲ್ಯಾಣ್‌ಗೆ ಹೋಗಿ ಸೀಟು ಹಿಡಿದು ಬರುವುದು. ಕಾಕಾನಿಗೆ ನಾವೂ ಒಂದು ವಾರ ಹಾಗೆ ಮಾಡಿಸಿದೆವು. ಆಮೇಲೆ ಅದಕ್ಕಿಂತ ಸುಲಭದ್ದು ಹೊಳೆಯಿತು. ದೊಡ್ಡ ಆಸ್ಪತ್ರೆಗಳಲ್ಲಿ ರೇಡಿಯೇಶನ್ ಮಷಿನ್ ಬೆಳಗ್ಗೆಯಿಂದ ರಾತ್ರಿವರೆಗೆ ಓಡುತ್ತದೆ. ನಮಗೆ ಬಂದಿದ್ದ ಹತ್ತು ಗಂಟೆಯ ಸ್ಲಾಟನ್ನು ಮಧ್ಯಾಹ್ನ ಒಂದಕ್ಕೆ ಬದಲಿಸಿ ಅಂತ ಕೇಳಿದೆವು. ಮೂರು ದಿನದಲ್ಲಿ ಬದಲಾಯಿತು. ಮೊದಲ ದಿನವೇ ಯಾಕೆ ಕೇಳಲಿಲ್ಲ ಅಂತ ಈಗಲೂ ತಲೆ ಚಚ್ಚಿಕೊಳ್ಳುತ್ತೇನೆ. ದೂರದಿಂದ ಬರುವವರಿಗೆ ಮಧ್ಯಾಹ್ನದ ಸ್ಲಾಟು, ಹತ್ತಿರದವರಿಗೆ ಬೆಳಗಿನದು. ಪಿನ್‌ಕೋಡ್ ನೋಡಿ ಹಂಚಿದರೆ ಒಂದು ಪೈಸೆ ಖರ್ಚಿಲ್ಲ.

ಮಳೆಗಾಲಕ್ಕೆ ಮಾತ್ರ ಯಾರ ಉಪಾಯವೂ ನಡೆಯುವುದಿಲ್ಲ. ಪರೇಲ್ ಪಕ್ಕದ ಹಿಂದ್‌ಮಾತಾ ಎಷ್ಟೋ ವರ್ಷದಿಂದ ನೀರು ನಿಲ್ಲುವ ಜಾಗ. ಮಹಾನಗರ ಪಾಲಿಕೆ ನೆಲದಡಿಯಲ್ಲಿ ದೊಡ್ಡ ಟ್ಯಾಂಕುಗಳನ್ನು ಕಟ್ಟಿದ ಮೇಲೆ ನೀರು ಬೇಗ ಇಳಿಯುತ್ತದೆ, ಅದು ಹೌದು. ಆದರೆ ಕುರ್ಲಾ-ಸಾಯನ್ ನಡುವೆ ಹಳಿ ಮುಳುಗಿದರೆ ಡೊಂಬಿವಲಿಯವನು ಡೊಂಬಿವಲಿಯಲ್ಲೇ. ಹಳಿ ರಿಪೇರಿಗೆಂದು ಲೋಕಲ್‌ಗಳನ್ನು ಕಡಿಮೆ ಮಾಡುವ ಭಾನುವಾರದ ಮೆಗಾ ಬ್ಲಾಕ್ ಮಾತ್ರ ನಮಗೆ ತಾಗಲಿಲ್ಲ, ರೇಡಿಯೇಶನ್‌ಗೂ ಭಾನುವಾರ ರಜೆ.

ಸರಿ, ಸರ್ಕಾರ ಏನು ಮಾಡಬಹುದು? 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಅಂತ ಒಂದಿತ್ತು. ಅದರಲ್ಲಿ ಒಂದು ಸಲ ಆಸ್ಪತ್ರೆಗೆ ದಾಖಲಾದರೆ ಓಡಾಟಕ್ಕೆ ನೂರು ರೂಪಾಯಿ, ವರ್ಷಕ್ಕೆ ಸಾವಿರದವರೆಗೆ ಕೊಡುತ್ತಿದ್ದರು. ನೂರು ರೂಪಾಯಿ ಏನೂ ಅಲ್ಲ. ಆದರೆ ಓಡಾಟವೂ ಚಿಕಿತ್ಸೆಯ ಖರ್ಚು ಅಂತ ಒಪ್ಪಿಕೊಂಡಿದ್ದರು. ಅದರ ಜಾಗಕ್ಕೆ ಬಂದ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಈ ನೂರು ರೂಪಾಯಿ ಇಲ್ಲ. ಲಕ್ಷಗಟ್ಟಲೆ ಕೊಡುವವರು ಟ್ಯಾಕ್ಸಿಗೆ ಮೂವತ್ತೊಂದು ರೂಪಾಯಿ ಕೊಡಲಾರರು ಅನ್ನುವುದು ನನಗೆ ಅರ್ಥವಾಗದ ಗಣಿತ.

ಆದರೂ ಓಡಾಟಕ್ಕೆ ದುಡ್ಡು ಕೊಡುವುದಕ್ಕಿಂತ ಓಡಾಟವನ್ನೇ ಕಡಿಮೆ ಮಾಡುವುದು ಮೇಲು. ಅದರಲ್ಲಿ ಒಳ್ಳೆ ಸುದ್ದಿ ಇದೆ, ಅದೂ ಡಾಕ್ಟರುಗಳ ಕಡೆಯಿಂದ. ಸ್ತನ ಕ್ಯಾನ್ಸರಿಗೆ ಹಿಂದೆ 25 ಸಲ ರೇಡಿಯೇಶನ್ ಕೊಡುತ್ತಿದ್ದರು. ಆಮೇಲೆ ಪ್ರತಿ ಸಲದ ಡೋಸ್ ಸ್ವಲ್ಪ ಜಾಸ್ತಿ ಮಾಡಿ 15-16ಕ್ಕೆ ಇಳಿಸಿದರು. 2020ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ, ಎಷ್ಟೋ ಮಂದಿಗೆ ಒಂದೇ ವಾರದ ಐದು ಸಲ ಸಾಕು ಅಂತ ತೋರಿಸಿತು. ಎಲ್ಲರಿಗೂ ಆಗುವುದಿಲ್ಲ, ಡಾಕ್ಟರೇ ಹೇಳಬೇಕು. ಆದರೆ ವಿರಾರ್‌ನಿಂದ ಬರುವ ಹೆಂಗಸಿಗೆ 50 ಲೋಕಲ್ ಪ್ರಯಾಣ 10ಕ್ಕೆ ಇಳಿದರೆ, ಅದು ಯಾವ ಮೆಟ್ರೋ ಕೊಟ್ಟದ್ದಕ್ಕಿಂತಲೂ ದೊಡ್ಡದು. ಕೀಮೋ ವಿಷಯದಲ್ಲಿ 2025-26ರ ಕೇಂದ್ರ ಬಜೆಟ್ ಒಂದು ಮಾತು ಕೊಟ್ಟಿದೆ: ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ, ಮೊದಲ ವರ್ಷ 200. ಮುಂಬೈಯಲ್ಲಿ ಬರೆದ ಕೀಮೋವನ್ನು ಯಾದಗಿರಿಯಲ್ಲೋ ಥಾಣೆಯಲ್ಲೋ ಹಾಕಿಸಿಕೊಳ್ಳುವ ಹಾಗಾದರೆ ಪರೇಲ್‌ನ ಮೆಟ್ಟಿಲ ಮೇಲೆ ಎಷ್ಟು ಭಾರ ಇಳಿಯುತ್ತದೆ! ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಮೊದಲು ಅಲ್ಲಿ ಕೇಳಿ, ಆಮೇಲೆ ಮುಂಬೈ ಟ್ರೇನ್ ಹತ್ತಿ ಅಂತ ನಾನು ಊರಿನವರಿಗೆಲ್ಲ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ದೂರದ ಡಾಕ್ಟರೇ ದೊಡ್ಡ ಡಾಕ್ಟರು ನಮ್ಮಲ್ಲಿ.

ಆಸ್ಪತ್ರೆ ಹತ್ತಿರವೇ ಉಳಿಯುವುದು ಇನ್ನೊಂದು ದಾರಿ. ದಾದರ್‌ನಲ್ಲಿ ಸಂತ ಗಾಡಗೆ ಮಹಾರಾಜರ ಧರ್ಮಶಾಲೆ, ಪರೇಲ್‌ನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿ, ಬಾಂದ್ರಾದಲ್ಲಿ ಬೋರ್ಜಸ್ ಹೋಮ್, ಮಕ್ಕಳಿಗೆ ಸೇಂಟ್ ಜೂಡ್ ಕೇಂದ್ರಗಳು ಇವೆ. ಜಾಗ ಸಿಗುವುದು ಕಷ್ಟ. ಸಿಗದವರು ಆಸ್ಪತ್ರೆ ಎದುರಿನ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹೊದ್ದು ಮಲಗುವುದನ್ನು ನಾವೆಲ್ಲ ನೋಡಿದ್ದೇವೆ. ಅವರಲ್ಲಿ ಎಷ್ಟೋ ಮಂದಿ ಬಡತನಕ್ಕೆ ಮಾತ್ರ ಅಲ್ಲ, ದಿನಾ ಲೋಕಲ್ ಹತ್ತಲಾರದೆಯೂ ಅಲ್ಲಿ ಮಲಗಿದ್ದಾರೆ.

ಪರೇಲ್‌ನಿಂದ ಮಾಟುಂಗಾ ಎಷ್ಟು ದೂರ? ಮೂರು ನಾಲ್ಕು ಕಿಲೋಮೀಟರ್. ಅಲ್ಲಿ 1926ರಲ್ಲಿ ಹುಟ್ಟಿದ ಮೈಸೂರ್ ಅಸೋಸಿಯೇಷನ್ ಇದೆ, ಹತ್ತಿರದಲ್ಲೇ ಕರ್ನಾಟಕ ಸಂಘ ಇದೆ. ಮುಂಬೈ ತುಂಬ ನಮ್ಮ ಜಾತಿ, ಊರು, ತಾಲ್ಲೂಕಿನ ಸಂಘಗಳಿವೆ. ವಿದ್ಯಾರ್ಥಿಗಳಿಗೆ ನೆರವು ಕೊಡುವುದರಲ್ಲಿ ನಮ್ಮವರು ಧಾರಾಳ. ವರ್ಷಕ್ಕೆ ಎಷ್ಟು ಶಾಲು, ಎಷ್ಟು ಹಣ್ಣಿನ ಬುಟ್ಟಿ ಕೊಡುತ್ತೇವೆ ಅಂತ ಲೆಕ್ಕ ಹಾಕಿದವರಿಲ್ಲ. ಅದರಲ್ಲಿ ನಾಲ್ಕು ಶಾಲು ಬಿಟ್ಟರೆ ಒಬ್ಬ ರೋಗಿಗೆ ಆರು ವಾರದ ಟ್ಯಾಕ್ಸಿ ಆಗುತ್ತದೆಯೋ ಇಲ್ಲವೋ. ದುಡ್ಡು ಬೇಡವೇ ಬೇಡ, ಊರಿಂದ ಬಂದವರಿಗೆ ದಾದರ್‌ನಲ್ಲಿ ಮರಾಠಿ ಮಾತಾಡಿ ಟ್ಯಾಕ್ಸಿ ಹತ್ತಿಸಿ, ಬೀಪ್ ಸದ್ದಿನ ಡಬ್ಬಿ ತೋರಿಸಿಕೊಡಲು ನಾಲ್ಕು ರಿಟೈರ್ ಆದ ಮಂದಿ ಸಾಕು. ನಾನು ರಿಟೈರ್ ಆಗಲು ಇನ್ನೂ ಎರಡು ವರ್ಷ ಇದೆ.

ಕಾಕಾನಿಗೆ ಮೂವತ್ತೂ ಮುಗಿದವು. ಒಂದೂ ತಪ್ಪಲಿಲ್ಲ. ಎರಡು ದಿನ ಮಳೆಗೆ ತಡವಾಯಿತು, ಫೋನ್ ಮಾಡಿ ಹೇಳಿದ್ದಕ್ಕೆ ಸಂಜೆ ತಗೊಂಡರು. ಕೊನೆಯ ದಿನ ಪರೇಲ್‌ನಿಂದ ಹೊರಡುವ ಖಾಲಿ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಫ್ಲಾಸ್ಕಿನಿಂದ ತೆಳ್ಳಗಿನ ಅಂಬಲಿ ಕುಡಿದರು. ಕಾಕೂ ಪರ್ಸಿನಲ್ಲಿ ಕೂಡಿಟ್ಟಿದ್ದ ಟ್ಯಾಕ್ಸಿ, ಬಸ್ಸಿನ ಖರ್ಚಿನ ಚೀಟಿ ತೆಗೆದು ಕೂಡಿಸತೊಡಗಿದರು. ಕಾಕಾ ಬೇಡ ಅಂತ ಕೈ ಮಾಡಿದರು. ಮೂರು ತಿಂಗಳಿಗೆ ಮತ್ತೆ ಚೆಕಪ್ ಇದೆ. ಆ ಫಾರಂ ಈಗಲೇ ಸೀಲು ಹಾಕಿಸಿಕೊಂಡು ಹೋಗಬೇಕಿತ್ತಲ್ಲ ಅಂತ ನೆನಪಾದದ್ದು ಗಾಡಿ ಘಾಟ್‌ಕೋಪರ್ ದಾಟಿದ ಮೇಲೆ. ಮರುದಿನ ನಾನು ಒಬ್ಬನೇ ಮತ್ತೆ ಪರೇಲ್‌ಗೆ ಹೋದೆ.